ಸೂರ್ಯನ ಹಡಗಿನ ಅಡುಗೆಯವಳು

ಆ ಅಡುಗೆಯವಳನ್ನು ಸುಡಬೇಡಿ ಎಂದು ಒಬ್ಬ ಲೇಖಕರ ಮುಂದೆ ನಿಂತು ನಾನು ಜಗಳ ಆಡಿದ್ದುಂಟು. ಅವಳು ನಿಜವಾದ ಹೆಂಗಸಲ್ಲ, ಕಾದಂಬರಿಯವಳು. ಸೂರ್ಯನ ಹತ್ತಿರಕ್ಕೆ ಹೋಗುವ ಹಡಗಿನಲ್ಲಿ ಆರು ಜನ ಗಂಡಸರಿಗೆ ಬೇಯಿಸಿ ಹಾಕಲು ಹೋದವಳು. ಅವಳು ಬದುಕುತ್ತಾಳೋ ಬೂದಿಯಾಗುತ್ತಾಳೋ ಎಂಬುದು ಅಚ್ಚಾಗುವುದಕ್ಕೆ ಇನ್ನೂ ಹತ್ತು ದಿನ ಇತ್ತು. ಆ ದಿನಗಳಲ್ಲಿ ನನಗೆ ಬಂದಷ್ಟು ಸಿಟ್ಟು ನನ್ನ ಗಂಡನ ಮೇಲೂ ಯಾವತ್ತೂ ಬಂದಿಲ್ಲ. ಹೇಳಿದರೆ ಮನೆಯವರು ನಗುತ್ತಾರೆ. ನಗಲಿ.

ಅರವತ್ತನೇ ಇಸವಿಯ ಆಸುಪಾಸು. ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಮಂಡಿಯ ಪಕ್ಕದ ಸಂದಿಯಲ್ಲಿ ಒಂದು ಸಣ್ಣ ಅಚ್ಚುಕೂಟ ಇತ್ತು. ಅಲ್ಲಿ ಅಚ್ಚಾದ ಹಾಳೆಗಳನ್ನು ಮಡಿಸಿ, ಹೊಲಿದು, ಪುಸ್ತಕ ಮಾಡುವ ಕೆಲಸ ನನ್ನದು. ನಾನು ಓದಿದ್ದು ಊರಿನ ಶಾಲೆಯಲ್ಲಿ ಮೂರನೇ ಕ್ಲಾಸು. ಅಮ್ಮನಿಗೆ ಬಾಣಂತನ ಬಂತು, ಒಲೆ ನೋಡಿಕೊಳ್ಳಲು ಯಾರೂ ಇರಲಿಲ್ಲ, ಬಿಡಿಸಿದರು. ಕಲಿತ ಅಕ್ಷರ ಮರೆಯದೆ ಉಳಿದದ್ದು ಈ ಅಚ್ಚುಕೂಟದಿಂದ.

ನಮ್ಮ ಕೆಲಸ ಹೇಗೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿಕೊಂಡ ಎಡವಟ್ಟು ಅರ್ಥವಾಗುವುದಿಲ್ಲ. ಒಂದು ದೊಡ್ಡ ಹಾಳೆಯ ಎರಡು ಮಗ್ಗುಲಿಗೂ ಎಂಟೆಂಟು ಪುಟ ಅಚ್ಚಾಗಿರುತ್ತದೆ. ಹದಿನಾರು ಪುಟದ ಈ ಹಾಳೆಗೆ ಫಾರಂ ಎನ್ನುತ್ತಿದ್ದೆವು. ಪುಟಗಳು ಅದರ ಮೇಲೆ ಸಾಲಾಗಿ ಇರುವುದಿಲ್ಲ, ಅರ್ಧ ನೆಟ್ಟಗೆ, ಅರ್ಧ ತಲೆಕೆಳಗೆ. ಮೂರು ಸಲ ಮಡಿಸಿದರೆ ಸರಿಯಾಗಿ ಕೂರುತ್ತವೆ. ಕೊನೆಯ ಮಡಿಕೆಗೆ ಮುಂಚೆ ನಡುವಿನ ಎರಡು ಪುಟ, ಅಂದರೆ ಎಂಟು ಮತ್ತು ಒಂಬತ್ತು, ಎದುರಿಗೆ ಬರುತ್ತವೆ. ಅವೆರಡರ ಅಂಕಿ ಒಂದರ ಮೇಲೊಂದು ಕೂರುವ ಹಾಗೆ ನೋಡಿ, ಬಿದಿರಿನ ಚಕ್ಕೆಯಿಂದ ಒತ್ತಿ ಎಳೆಯಬೇಕು. ಮಡಿಸಿ ಮುಗಿದ ಮೇಲೆ ಹೊರಗೆ ಕಾಣುವುದು ಮೊದಲನೆಯ ಪುಟ ಮತ್ತು ಹದಿನಾರನೆಯ ಪುಟ. ಉಳಿದ ಹನ್ನೆರಡು ಮಡಿಕೆಯೊಳಗೆ ಸಿಕ್ಕಿಕೊಂಡಿರುತ್ತವೆ. ಎಲ್ಲ ಫಾರಂ ಸೇರಿಸಿ ಹೊಲಿದು, ರಟ್ಟು ಅಂಟಿಸಿ, ಅಂಚು ಕತ್ತರಿಸಿದಾಗಲೇ ಅವು ಬಿಚ್ಚಿಕೊಳ್ಳುವುದು. ಅಷ್ಟು ಹೊತ್ತಿಗೆ ಪುಸ್ತಕ ನಮ್ಮ ಕೈಬಿಟ್ಟು ಹೋಗಿರುತ್ತದೆ.

ಸಾವಿರ ಹಾಳೆ ಮಡಿಸುವಾಗ ಈ ನಾಲ್ಕು ಪುಟ ಸಾವಿರ ಸಲ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಯಾವ ಪುಸ್ತಕವಾದರೂ ನಾಲ್ಕು ಪುಟ ನನಗೆ ಬಾಯಿಪಾಠ, ಹನ್ನೆರಡು ಪುಟ ಗೊತ್ತೇ ಇಲ್ಲ. ಒಂದು ವೈದ್ಯದ ಪುಸ್ತಕದಲ್ಲಿ ನನಗೆ ರೋಗಗಳೆಲ್ಲ ತಿಳಿದವು, ಔಷಧಿ ಒಂದೂ ತಿಳಿಯಲಿಲ್ಲ. ಹಾಳೆ ತಿರುಗಿಸಿ ಓದೋಣವೆಂದರೆ ಅಚ್ಚುಕೂಟದ ಯಜಮಾನರು ತಮ್ಮ ಮೇಜಿನಿಂದಲೇ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಯಾವ ಕಷಾಯವೂ ಬೇಕಾಗಿರಲಿಲ್ಲ, ನಾನು ತಲೆ ತಗ್ಗಿಸಿದರೆ ನಿಲ್ಲುತ್ತಿತ್ತು.

ಸೂರ್ಯನ ಹಡಗಿನ ಕಾದಂಬರಿ ಬರೆದವರು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟರು. ಮನೆ ನಜರ್‌ಬಾದಿನಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಬಂದು, ನಾನು ಕೂರುವ ಚಾಪೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಕರಡು ತಿದ್ದುತ್ತಿದ್ದರು. ಒಳ್ಳೆಯ ಮನುಷ್ಯರೇ. ಆದರೆ ತಿದ್ದುವಾಗ ತಾವು ಬರೆದದ್ದನ್ನು ತಾವೇ ಓದಿ ತಲೆದೂಗುತ್ತಿದ್ದರು, ಅದು ನನಗೆ ಹಿಡಿಸುತ್ತಿರಲಿಲ್ಲ. ಆಗ ಅಮೆರಿಕದವರು ಒಂದು ಯಂತ್ರವನ್ನು ಭೂಮಿಗೂ ಶುಕ್ರಕ್ಕೂ ನಡುವೆ ಬಿಟ್ಟು, ಅದು ಸೂರ್ಯನ ಸುತ್ತ ತಿರುಗುತ್ತ ಅಲ್ಲಿಂದ ರೇಡಿಯೊದಲ್ಲಿ ಸುದ್ದಿ ಕಳಿಸುತ್ತಿದೆಯೆಂದು ಪೇಪರಿನಲ್ಲಿ ಬಂದಿತ್ತು. ಅದರೊಳಗೆ ಮನುಷ್ಯರು ಇರಲಿಲ್ಲ. ಮನುಷ್ಯರು ಹೋದರೆ, ಅದೂ ಇನ್ನೂ ಹತ್ತಿರ ಹೋದರೆ ಏನಾಗುತ್ತದೆ ಎಂಬುದೇ ಮೇಷ್ಟರ ಕಥೆ. ಅಲ್ಲಿ ಗಾಳಿಯಿಲ್ಲ, ಅದಕ್ಕೇ ಬಿಸಿಲು ಬಿದ್ದ ಮಗ್ಗುಲು ಸೀಸ ಕರಗುವಷ್ಟು ಕಾಯುತ್ತದೆ, ನೆರಳಿನ ಮಗ್ಗುಲು ಮಂಜುಗಡ್ಡೆಗಿಂತ ತಣ್ಣಗಿರುತ್ತದೆ ಎಂದು ಅವರು ಯಜಮಾನರಿಗೆ ಹೇಳುತ್ತಿದ್ದರೆ, ಮೊಳೆ ಜೋಡಿಸುವವರು ತಮ್ಮ ಕೈಯಲ್ಲಿದ್ದ ಸೀಸದ ಅಕ್ಷರ ನೋಡಿಕೊಂಡರು.

ನಮ್ಮಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಕಡಿಮೆ. ಒಂದು ಫಾರಮ್ಮಿಗಾಗುವಷ್ಟೇ ಇತ್ತು. ಅದು ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಚ್ಚಿ, ಗೂಡುಗಳಿಗೆ ಹಾಕಿ, ಮುಂದಿನದಕ್ಕೆ ಜೋಡಿಸಬೇಕು. ಹಾಗಾಗಿ ಕಾದಂಬರಿ ನನಗೆ ಹತ್ತು ದಿನಕ್ಕೊಂದು ಕಂತಿನ ಹಾಗೆ ಬರುತ್ತಿತ್ತು, ಅದೂ ಕಾಲು ಭಾಗ.

ಒಂದನೆಯ ಫಾರಮ್ಮಿನಲ್ಲಿ ಹಡಗು ಹೊರಟಿತು. ಹದಿನಾರನೆಯ ಪುಟದಲ್ಲಿ ಅಡುಗೆಯವಳು ಬಂದಳು. ಎರಡನೆಯದರಲ್ಲಿ ಅವಳು ಮಾಡಿದ ಉಪ್ಪಿಟ್ಟು ಬಾಣಲೆಯಿಂದ ಎದ್ದು ತೇಲಾಡಿತು, ಆರೂ ಗಂಡಸರು ನಕ್ಕರು. ನನ್ನ ಪಕ್ಕದಲ್ಲಿ ಮಡಿಸುತ್ತಿದ್ದವಳು ಚರ್ಚಿನ ಹಿಂದಿನ ಬೀದಿಯ ಕ್ರೈಸ್ತರ ಹುಡುಗಿ, ನನಗಿಂತ ಚಿಕ್ಕವಳು, ಬಾಯಿ ಜೋರು. ಆ ಪುಟ ನೋಡಿ, "ಅಕ್ಕಾ, ಆಕಾಸಕ್ಕೋದ್ರೂ ನಮ್ಗೆ ಒಲೆ ತಪ್ಪಲ್ಲ ನೋಡು" ಎಂದಳು. ಮೂರನೆಯದರಲ್ಲಿ ಶುಕ್ರ ದಾಟಿತು. ನಾಲ್ಕನೆಯದರಲ್ಲಿ ಬುಧ ಹತ್ತಿರವಾಯಿತು, ಅವಳು ಕಾಫಿ ಕೊಟ್ಟಳು. ಕ್ಯಾಪ್ಟನ್ನು ಗಡಿಯಾರ ನೋಡಿದ, ಒಬ್ಬ ಲೆಕ್ಕ ಹಾಕಿದ, ಇನ್ನೊಬ್ಬ ದುರ್ಬೀನು ಹಿಡಿದ. ಅವಳು ಮತ್ತೆ ಕಾಫಿ ಕೊಟ್ಟಳು.

ಐದನೆಯ ಫಾರಂ ಬಂತು. ಅರವತ್ತೈದನೆಯ ಪುಟದಲ್ಲಿ ಎಲ್ಲ ಸರಿಯಾಗಿತ್ತು. ನಡುವೆ, ಎಪ್ಪತ್ತೆರಡು ಎಪ್ಪತ್ತಮೂರರಲ್ಲಿ, ಹಡಗು ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಬಂದಿತ್ತು. ಕೊನೆಯ ಪುಟ ಎಂಬತ್ತರಲ್ಲಿ ಹಡಗಿನ ಒಂದು ಮಗ್ಗುಲು ಕಮ್ಮಾರನ ಕುಲುಮೆಯ ಕಬ್ಬಿಣದ ಹಾಗೆ ಕೆಂಪಾಗಿತ್ತು, ಇನ್ನೊಂದು ಮಗ್ಗುಲಿಗೆ ಮಂಜು ಹಿಡಿದಿತ್ತು. ಕಾದ ಮಗ್ಗುಲಿನ ತಗಡನ್ನು ಕಳಚಿ ಬಿಸಾಡಿದರೆ ಹಡಗು ಉಳಿಯುತ್ತದೆ. ಅದರ ಅಗುಳಿ ಇರುವುದು ಹೊರಗೆ. ಹೊರಗೆ ಹೋದವರು ಸುಟ್ಟು ಬೂದಿ. ಆರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅಡುಗೆಯವಳು ಸೆರಗಿಗೆ ಕೈ ಒರೆಸಿಕೊಂಡು, ನೀವೆಲ್ಲ ವಿದ್ಯಾವಂತರು, ಲೋಕಕ್ಕೆ ಬೇಕಾದವರು, ನಾನು ಹೋಗುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದಳು. ಫಾರಂ ಮುಗಿಯಿತು.

ನಾನು ಆ ಹಾಳೆಯನ್ನು ಮಡಿಸದೆ ಕೆಳಗಿಟ್ಟೆ. ಎಂಬತ್ತು ಪುಟ ಬೇಯಿಸಿ ಹಾಕಿಸಿಕೊಂಡು ಕೊನೆಗೆ ಅವಳನ್ನೇ ಬೇಯಿಸುತ್ತಾರಲ್ಲ ಎನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಅದು ತಪ್ಪು. ಕೆಂಡದ ಮೇಲೆ ಹಪ್ಪಳ ಸುಟ್ಟ ಯಾವ ಹೆಂಗಸಿಗೂ ಗೊತ್ತು: ಒಂದೇ ಮಗ್ಗುಲು ಹಿಡಿದರೆ ಕರಿಯಾಗುತ್ತದೆ, ತಿರುಗಿಸುತ್ತಾ ಇರಬೇಕು. ಹಡಗನ್ನು ತಿರುಗಿಸುತ್ತಾ ಹೋದರೆ ಕೆಂಪಾಗುವುದೂ ಇಲ್ಲ, ಮಂಜು ಹಿಡಿಯುವುದೂ ಇಲ್ಲ. ಅಡುಗೆಯವಳಿಗೇ ಅದು ಹೊಳೆಯದೆ ಸಾಯಲು ಹೊರಟಳು ಎಂದರೆ, ಬರೆದವರು ಒಂದು ದಿನವೂ ಒಲೆ ಮುಂದೆ ಕೂತವರಲ್ಲ.

ಯಜಮಾನರಿಗೆ ಹೇಳಿದೆ. ಅವರು ಕೆಮ್ಮಿದರು.

ಮೇಷ್ಟರು ಬಂದಾಗ ನೇರವಾಗಿ ಅವರಿಗೇ ಹೇಳಿದೆ. ಅವರು ಕನ್ನಡಕ ತೆಗೆದು, ಮುಖವರಳಿಸಿ, "ಯಾಕಮ್ಮಾ, ಓದಿ ಅಳು ಬಂತಾ?" ಎಂದು ಕೇಳಿದರು.

"ಅಳು ಯಾಕ್ ಬತ್ತದೆ ಮೇಷ್ಟ್ರೇ. ಹಪ್ಪಳ ಸುಡಾಕೂ ಬರ್ದೋರೆಲ್ಲ ಹಡಗು ನಡೆಸ್ತಾವ್ರಲ್ಲಾ ಅಂತ ಸಿಟ್ಟು ಬಂತು."

ಅವರು ನಕ್ಕುಬಿಟ್ಟರು. ಎಲ್ಲರೂ ನಕ್ಕರು. ನನಗೆ ತಡೆಯಲಿಲ್ಲ. ಮಾರನೆಯ ದಿನ ಮನೆಯಿಂದ ಎರಡು ಉದ್ದಿನ ಹಪ್ಪಳ ತಂದೆ. ಅಂಟು ಕಾಯಿಸುವ ಇದ್ದಿಲ ಒಲೆ ಮೂಲೆಯಲ್ಲಿ ಇದ್ದೇ ಇತ್ತು. ಮೇಷ್ಟರು ಬಂದು ಕೂತ ಮೇಲೆ ಅಂಟಿನ ಡಬ್ಬ ಇಳಿಸಿ, ಒಂದು ಹಪ್ಪಳವನ್ನು ಅಲ್ಲಾಡಿಸದೆ ಹಿಡಿದೆ. ಒಂದು ಮಗ್ಗುಲು ಕರಿಯಾಯಿತು, ಇನ್ನೊಂದು ಹಸಿಯಾಗೇ ಉಳಿಯಿತು. ಇನ್ನೊಂದನ್ನು ತಿರುವುತ್ತಾ ತಿರುವುತ್ತಾ ಸುಟ್ಟೆ. ಹದವಾಗಿ ಉಬ್ಬಿ ಬಂತು. ಎರಡನ್ನೂ ಅವರ ಕರಡಿನ ಮೇಲೆ ಇಟ್ಟು, ಇದು ನಿಮ್ಮ ಹಡಗು, ಇದು ನನ್ನದು ಎಂದೆ. ಅಚ್ಚಿನ ಯಂತ್ರ ನಿಲ್ಲಿಸಿ ಎಲ್ಲರೂ ಬಂದು ನಿಂತರು.

ಮೇಷ್ಟರು ನನ್ನ ಹಪ್ಪಳ ಮುರಿದು ತಿಂದರು. ತಿಂದು, ಕೈ ಒರೆಸಿಕೊಂಡು, ನಾನು ಮಡಿಸಿಟ್ಟಿದ್ದ ನಾಲ್ಕನೆಯ ಮತ್ತು ಐದನೆಯ ಫಾರಂ ಒಂದೊಂದು ಎತ್ತಿಕೊಂಡು, ನನ್ನದೇ ಬಿದಿರಿನ ಚಕ್ಕೆಯಿಂದ ಮಡಿಕೆ ಸೀಳಿದರು. ನಾಲ್ಕನೆಯದರಲ್ಲಿ ಅರವತ್ತನೆಯ ಪುಟ ತೋರಿಸಿದರು. ಓದಿದೆ. ಯಾವ ಮಗ್ಗುಲೂ ಸುಡದಿರಲೆಂದು ಹಡಗು ಸದಾ ತನ್ನ ಸುತ್ತ ತಾನು ತಿರುಗುತ್ತಿತ್ತು ಎಂದು ಬರೆದಿತ್ತು. ಐದನೆಯದರಲ್ಲಿ ಎಪ್ಪತ್ತೈದನೆಯ ಪುಟ. ತಿರುಗಿಸುವ ಯಂತ್ರ ಕೆಟ್ಟು ನಿಂತುಹೋಯಿತು ಎಂದು ಬರೆದಿತ್ತು. ಅದಕ್ಕೇ ಒಂದು ಮಗ್ಗುಲು ಕೆಂಪಾದದ್ದು. ಎರಡೂ ಮಡಿಕೆಯೊಳಗಿನ ಪುಟಗಳು.

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನ್ನಿಸಿತು. ಪಕ್ಕದವಳು ಸೆರಗಿನೊಳಗೆ ನಗುತ್ತಿದ್ದಳು. ಯಜಮಾನರು ಕರಿಕಾದ ಹಪ್ಪಳವನ್ನೇ ಬಾಯಿಗೆ ಹಾಕಿಕೊಂಡು, ಇನ್ನು ಮೇಲೆ ಪುಸ್ತಕ ವಿಮರ್ಶೆ ಮಾಡುವವರು ಮೊದಲು ಪುಸ್ತಕ ಓದತಕ್ಕದ್ದು ಎಂದರು. ಓದಲು ಬಿಟ್ಟರೆ ತಾನೆ! ಮೇಷ್ಟರು ಮಾತ್ರ ಕೆಟ್ಟ ಮಾತು ಆಡಲಿಲ್ಲ. ಹಪ್ಪಳದ ಯೋಚನೆ ಸರಿಯಾಗಿದೆ, ಆದರೆ ಅದು ತಮಗೆ ಮೊದಲೇ ಗೊತ್ತಿತ್ತು ಎಂದರು. ಅದಕ್ಕೇ ಇನ್ನೂ ಉರಿಯಿತು.

ಮುಂದಿನ ಭಾನುವಾರ ತವರಿಗೆ ಹೋಗಿದ್ದೆ. ನಮ್ಮೂರಿಗೆ ಹೊಳೆ ದಾಟಬೇಕು. ಕಾವೇರಿಯಲ್ಲಿ ಆಗ ಹರಿಗೋಲೇ ಗತಿ, ತೊಗಲು ಹೊದಿಸಿದ ದುಂಡನೆಯ ಬುಟ್ಟಿ. ನನ್ನ ಜೊತೆ ಕೂತಿದ್ದ ಮಕ್ಕಳು ಆಟಕ್ಕೆ ಒಳಗಡೆ ಅಂಚು ಹಿಡಿದು ಸುತ್ತ ಓಡಲು ಶುರುಮಾಡಿದವು. ಹರಿಗೋಲು ಎದುರು ದಿಕ್ಕಿಗೆ ಗಿರ್ರನೆ ತಿರುಗಿತು. ಅಂಬಿಗ ಹುಟ್ಟು ಎತ್ತಿ ಗದರಿದ: "ಕುಂತ್ಕಳ್ರಲಾ. ನೀವ್ ಇಂಗ್ ಸುತ್ತುದ್ರೆ ಅದು ಅಂಗ್ ಸುತ್ತುತ್ತೆ, ನಾನೇನ್ ಮಾಡ್ಲಿ?"

ನಾವೂ ಚಿಕ್ಕವರಿದ್ದಾಗ ಹೀಗೇ ಓಡಿ ಬೈಸಿಕೊಂಡಿದ್ದೆವು. ಅಷ್ಟು ವರ್ಷ ಅದು ಆಟವಾಗಿತ್ತು. ಆವತ್ತು ದಡ ಮುಟ್ಟುವ ಮೊದಲೇ ನನಗೆ ಉತ್ತರ ಸಿಕ್ಕಿತು. ಯಂತ್ರ ಕೆಟ್ಟರೆ ಕೆಡಲಿ. ಒಳಗಿರುವ ಏಳು ಜನ ಒಂದು ಕಡೆಗೆ ಸುತ್ತಿದರೆ ಹಡಗು ಇನ್ನೊಂದು ಕಡೆಗೆ ತಿರುಗುತ್ತದೆ. ಯಾರೂ ಹೊರಗೆ ಹೋಗಬೇಕಿಲ್ಲ.

ಸೋಮವಾರ ಬೆಳಿಗ್ಗೆ ಬಂದರೆ ಆರನೆಯ ಫಾರಮ್ಮಿನ ಮೊಳೆ ಜೋಡಿಸಲು ಶುರುವಾಗಿತ್ತು. ಎರಡು ಪುಟ ಆಗಿಯೂ ಹೋಗಿತ್ತು. ಎಂಬತ್ತೆರಡನೆಯ ಪುಟದಲ್ಲಿ ಅವಳು ಹೊರಗೆ ಕಾಲಿಟ್ಟಾಗಿತ್ತು. ಸಂಜೆಯವರೆಗೆ ಕಾಯುವುದು ನನಗೆ ಬೆಂಕಿಯ ಮೇಲೆ ಕೂತ ಹಾಗಾಯಿತು.

ಮೇಷ್ಟರು ಬಂದರು. ಈ ಸಲ ಮೊದಲು ಕೇಳಿದೆ: ಜನ ಒಳಗೆ ಸುತ್ತುವುದನ್ನು ಮಡಿಕೆಯೊಳಗೆ ಎಲ್ಲಾದರೂ ಬರೆದಿದ್ದೀರಾ? ಇಲ್ಲ ಎಂದರು. ಹಾಗಾದರೆ ಕೇಳಿ ಎಂದು ಹರಿಗೋಲಿನ ವಿಷಯ ಹೇಳಿದೆ. ಅವರು ಅರ್ಧಕ್ಕೇ ಕೈ ಎತ್ತಿದರು. ಅಲ್ಲಿ ಭಾರವೆನ್ನುವುದಿಲ್ಲ, ಉಪ್ಪಿಟ್ಟೇ ತೇಲುತ್ತದೆ, ಮನುಷ್ಯರು ಕಾಲೂರಿ ಓಡುವುದು ಹೇಗೆ ಎಂದರು. ಇದಕ್ಕೂ ನಾನು ಯೋಚನೆ ಮಾಡಿಟ್ಟಿದ್ದೆ.

"ಓಡ್‌ಬ್ಯಾಡಿ. ಗೋಡೆ ಸುತ್ತ ಹಗ್ಗ ಕಟ್ಟಿ. ಕೈಲಿ ಹಿಡ್ದು ಹಿಡ್ದು ಎಳ್ಕೊಂಡು ಸುತ್ಲಿ. ಬಾವಿಲಿ ನೀರ್ ಸೇದಿಲ್ವಾ ನೀವು?"

ಅವರು ಪೆನ್ಸಿಲ್ ತೆಗೆದರು. ಕರಡಿನ ಹಿಂಬದಿಗೆ ಏನೇನೋ ಅಂಕಿ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಯಜಮಾನರು ಎರಡು ಸಲ ಕೆಮ್ಮಿದರು, ಯಾರೂ ಗಮನ ಕೊಡಲಿಲ್ಲ. ಬಹಳ ಹೊತ್ತಾದ ಮೇಲೆ ಮೇಷ್ಟರು ಪೆನ್ಸಿಲ್ ಕೆಳಗಿಟ್ಟು, ನನ್ನ ಕಡೆ ನೋಡದೆ, "ನಿಧಾನಕ್ಕೆ ತಿರುಗುತ್ತೆ. ಆದರೆ ತಿರುಗುತ್ತೆ" ಎಂದರು.

ನಾನು ಗೆದ್ದೆನೆಂದುಕೊಂಡೆ. ಪೆದ್ದಿ. ವಿಜ್ಞಾನ ಒಪ್ಪಿದರೂ ಕಥೆ ಒಪ್ಪಲಿಲ್ಲ. ಅವಳು ಹೊರಗೆ ಹೋಗಿ ಸುಟ್ಟುಹೋಗುವ ಭಾಗವನ್ನು ಮೇಷ್ಟರು ತಮ್ಮ ಶಾಲೆಯ ಉಪಾಧ್ಯಾಯರ ಕೂಟದಲ್ಲಿ ಓದಿದ್ದರಂತೆ, ಹೆಡ್‌ಮಾಸ್ಟರೇ ಕಣ್ಣೊರೆಸಿಕೊಂಡರಂತೆ. ಆ ಹದಿನಾರು ಪುಟಕ್ಕಾಗಿಯೇ ಮೊದಲಿನ ಎಂಬತ್ತು ಪುಟ ಬರೆದದ್ದು ಎಂದರು. ಯಜಮಾನರೂ ಅವರ ಕಡೆಗೇ ಸೇರಿದರು. ಜನಕ್ಕೆ ಅಳು ಬೇಕು, ಹಗ್ಗ ಎಳೆಯುವುದನ್ನು ಓದಲು ಯಾರು ಪುಸ್ತಕ ಕೊಳ್ಳುತ್ತಾರೆ ಎಂದರು. ನಾನು ಒಂದೇ ಮಾತು ಹಿಡಿದೆ. ದಾರಿ ಇಲ್ಲದೆ ಸತ್ತರೆ ಅಳೋಣ. ದಾರಿ ಇದ್ದೂ ಸಾಯಿಸಿದರೆ ಅದು ನೀವು ಮಾಡಿದ ಕೊಲೆ. ಮೇಷ್ಟರೇ ಲೆಕ್ಕ ಹಾಕಿದ ಕರಡು ಅಲ್ಲೇ ಬಿದ್ದಿದೆ, ಇನ್ನು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಅದು ಅವರಿಗೆ ತಟ್ಟಿತು. ಅವರು ಸೈನ್ಸ್ ಮೇಷ್ಟರು, ಕಣ್ಣಿಗೆ ಕಂಡ ಉತ್ತರವನ್ನು ಅಳಿಸಿಬಿಡುವುದು ಅವರಿಂದ ಆಗಲಿಲ್ಲ. ಮೊಳೆ ಜೋಡಿಸುವವರ ಕೈಯಿಂದ ತಮ್ಮ ಹಸ್ತಪ್ರತಿ ಈಸಿಕೊಂಡು, ಸೈಕಲ್ ಹತ್ತಿ ಹೊರಟುಹೋದರು. ನಾಲ್ಕು ದಿನ ಬರಲಿಲ್ಲ. ಜೋಡಿಸಿದ ಎರಡು ಪುಟ ಹಾಗೇ ದಾರ ಸುತ್ತಿಕೊಂಡು ಕೂತಿತ್ತು. ಉಳಿದ ಮೊಳೆಯನ್ನು ಈ ಫಾರಮ್ಮಿಗೆಂದೇ ಇಟ್ಟುಕೊಂಡು ಬೇರೆ ಕೆಲಸವೂ ನಿಂತಿತು. ಯಜಮಾನರು ಆ ನಾಲ್ಕೂ ದಿನ, ಅಮ್ಮನವರ ಅಪ್ಪಣೆ ಆದರೆ ಕೆಲಸ ಶುರುಮಾಡಬಹುದೋ ಎಂದು ನನ್ನನ್ನು ಹಂಗಿಸಿದರು. ಪಕ್ಕದವಳು ಮಾತ್ರ ಮೂರನೆಯ ದಿನ, ಚರ್ಚಿಗೆ ಹೋದಾಗ ಆ ಅಡುಗೆಯವಳಿಗೂ ಒಂದು ಮೇಣದಬತ್ತಿ ಹಚ್ಚಿಬಂದೆ ಎಂದಳು. ತಮಾಷೆಗೋ ನಿಜಕ್ಕೋ ನಾನು ಕೇಳಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಮೊನ್ನೆ ಮೊಮ್ಮಗಳು ಓದಿ ಹೇಳಿದಳು: ಮುಂದೆ ಎಪ್ಪತ್ತರ ದಶಕದಲ್ಲಿ ಸೂರ್ಯನ ಹತ್ತಿರಕ್ಕೆ ನಿಜವಾಗಿ ಕಳಿಸಿದ ಹಡಗುಗಳು ಬುಗುರಿಯ ಹಾಗೆ ತಿರುಗುತ್ತಲೇ ಹೋದವಂತೆ. ಈಗ ಹೋಗಿರುವುದು ಇನ್ನೂ ಹತ್ತಿರ ಹೋಗಿದೆ, ಅದು ತಿರುಗುವುದಿಲ್ಲ, ಮುಂದುಗಡೆ ದಪ್ಪ ಹಲಗೆ ಅಡ್ಡ ಹಿಡಿದುಕೊಂಡು ಅದರ ನೆರಳಿನಲ್ಲೇ ಇರುತ್ತದಂತೆ. ಮೊರ ಅಡ್ಡ ಹಿಡಿದು ಒಲೆ ಊದುವ ಹಾಗೆ. ಅದು ನನಗೂ ಹೊಳೆದಿರಲಿಲ್ಲ, ಮೇಷ್ಟರಿಗೂ ಹೊಳೆದಿರಲಿಲ್ಲ.

ಐದನೆಯ ದಿನ ಮೇಷ್ಟರು ಹೊಸ ಹಾಳೆಗಳನ್ನು ತಂದುಕೊಟ್ಟರು. ಕಣ್ಣು ಕೆಂಪಗಿತ್ತು, ಗಡ್ಡ ಬಂದಿತ್ತು. "ಉಳಿಸಿದೀನಮ್ಮ" ಎಂದಷ್ಟೇ ಹೇಳಿ ಹೋದರು. ನನಗೆ ಆ ಕ್ಷಣ ಅವರ ಮೇಲೆ ಗೌರವ ಬಂತು. ಇಲ್ಲವೆನ್ನುವುದಿಲ್ಲ.

ಒಂದು ವಾರಕ್ಕೆ ಆರನೆಯ ಫಾರಂ ಅಚ್ಚಾಗಿ ನನ್ನ ಚಾಪೆಗೆ ಬಂತು. ಈ ಸಲ ನಾಲ್ಕು ಪುಟವನ್ನು ನಂಬಿ ಕೂರಲಿಲ್ಲ. ಯಜಮಾನರು ಎಷ್ಟು ಬೇಕಾದರೂ ಕೆಮ್ಮಲಿ ಎಂದು ಒಂದನ್ನು ಮಡಿಸಿ, ಸೀಳಿ, ಹದಿನಾರು ಪುಟವನ್ನೂ ಓದಿದೆ.

ಎಂಬತ್ತೊಂದನೆಯ ಪುಟದಲ್ಲಿ ಕ್ಯಾಪ್ಟನ್ನು "ನಿಲ್ಲು" ಎಂದು ಕೂಗಿದ. ಅವನಿಗೆ ಬಾಲ್ಯದಲ್ಲಿ ಹೊಳೆಯಲ್ಲಿ ಆಡಿದ ಹರಿಗೋಲು ನೆನಪಾಯಿತು. ಗೋಡೆಯ ಸುತ್ತ ಹಗ್ಗ ಬಿಗಿಯಲು ಆಜ್ಞೆ ಮಾಡಿದ. ಲೆಕ್ಕದವನು ಲೆಕ್ಕ ಹಾಕಿ, ಭಲೆ ಎಂದ. ಆರು ಗಂಡಸರೂ ಹಗ್ಗ ಹಿಡಿದು ಸುತ್ತಿದರು. ಹಡಗು ತಿರುಗಿತು, ಕೆಂಪು ಇಳಿಯಿತು. ಅಡುಗೆಯವಳು ಬಾಗಿಲಿನಿಂದ ಕೈ ತೆಗೆದು, ಮೂಲೆಯಲ್ಲಿ ನಿಂತು, ಅಜ್ಞಾನಿಯಾದ ನನಗೆ ಇದು ಹೊಳೆಯುವುದು ಹೇಗೆ ಎಂದು ಕಣ್ಣೀರು ಒರೆಸಿಕೊಂಡಳು. ಆಮೇಲೆ ದಣಿದ ಗಂಡಸರಿಗೆಲ್ಲ ಕಾಫಿ ಕಾಸಿಕೊಟ್ಟಳು. ಹಗ್ಗ ಹಿಡಿಯಲು ಏಳನೆಯವಳಾಗಿಯೂ ಅವಳನ್ನು ಕರೆದಿರಲಿಲ್ಲ.

ಪಕ್ಕದವಳಿಗೆ ಓದಿ ಹೇಳಿದೆ. ಅವಳು ತನ್ನ ಪಾಲಿನ ಹಾಳೆ ಎಳೆದುಕೊಂಡು ಜೋರಾಗಿ ಮಡಿಸತೊಡಗಿದಳು.

ಮೇಷ್ಟರು ಸಂಜೆ ನಗುನಗುತ್ತಾ ಬಂದರು. ಸಂತೋಷವಾಯಿತೇ ಎಂದು ಕೇಳಿದರು. ಹರಿಗೋಲು ಕ್ಯಾಪ್ಟನ್ನಿಗೆ ಹೇಗೆ ನೆನಪಾಯಿತು, ಅದನ್ನು ಅವಳ ಬಾಯಲ್ಲಿ ಯಾಕೆ ಹೇಳಿಸಲಿಲ್ಲ ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಮಗುವಿಗೆ ಪಾಠ ಹೇಳುವ ಹಾಗೆ ಹೇಳಿದರು.

"ಕಥೆ ಅಂದ್ಮೇಲೆ ಓದೋರು ನಂಬಬೇಕಲ್ಲಮ್ಮ. ಅಡುಗೆ ಮಾಡೋ ಹೆಂಗಸು ಇಂಥಾ ವಿಷಯ ಹೇಳಿದ್ಲು ಅಂದ್ರೆ ಯಾರು ನಂಬ್ತಾರೆ?"

"ನೀವ್ ನಂಬುದ್ರಲ್ಲ ಮೇಷ್ಟ್ರೇ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ ಮೆಲ್ಲಗೆ, "ಅವಳು ಬದುಕಿದಾಳಲ್ಲ. ನೀನು ಕೇಳಿದ್ದು ಅದೇ ತಾನೆ?" ಎಂದರು.

ಹೌದು, ನಾನು ಕೇಳಿದ್ದು ಅದನ್ನೇ. ಅವಳು ಬದುಕಿದಳು, ಕಾಫಿ ಕಾಸಿದಳು. ಸಾವಿರ ಪ್ರತಿಯಲ್ಲೂ ಕಾಸಿದಳು. ಅಷ್ಟನ್ನೂ ನಾವಿಬ್ಬರು ಹೆಂಗಸರೇ ಮಡಿಸಿ, ಹೊಲಿದು, ಕಟ್ಟುಕಟ್ಟಿ ಕೊಟ್ಟೆವು.